ಹಳೆಯ ವೀಣೆಯನ್ನು ಯಾರಿಗೆ ಕೊಡುವುದು? ಮನೆಯವರು, ಅಂಗಡಿ, ಸಂಸ್ಥೆ, ಮ್ಯೂಸಿಯಂ, ಕಲಿಯುವವರು: ಒಂದು ಹೋಲಿಕೆ

ಅಮ್ಮನ ವೀಣೆ ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ 11 ವರ್ಷ ಸುಮ್ನೆ ಕೂತಿತ್ತು. ಮಂಡಿ ನೋವು ಶುರುವಾದ ಮೇಲೆ ಅಮ್ಮನಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗಲಿಲ್ಲ. ಸ್ವಲ್ಪ ದಿನ ಮಂಚದ ಮೇಲೆ ಇಟ್ಟುಕೊಂಡು ನುಡಿಸಿದರು. ಆಮೇಲೆ ಎಡಗೈ ಬೆರಳಿನ ಗೆಣ್ಣುಗಳು ಊದಿಕೊಂಡವು. ತಂತಿ ಎಳೆದು ಗಮಕ, ಅಂದರೆ ಸ್ವರದ ಓಲಾಟ, ತರಲು ಆಗದೆ ಹೋಯಿತು. ಒಂದು ದಿನ ಹಳೆಯ ರೇಷ್ಮೆ ಸೀರೆಯಲ್ಲಿ ಗವುಸು ಹೊಲಿದು ಮುಚ್ಚಿಟ್ಟರು. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಗವುಸು ತೆಗೆದು, ಅರಿಶಿನ ಕುಂಕುಮ ಇಟ್ಟು, ಮಾರನೆಯ ದಿನ ಮತ್ತೆ ಮುಚ್ಚುವುದು. ವೀಣೆಗೆ ವರ್ಷಕ್ಕೆ ಅಷ್ಟೇ ಬೆಳಕು.

ಮನೆ ಬದಲಾಯಿಸುವ ಹೊತ್ತಿಗೆ ಅಮ್ಮನೇ ಅಂದರು, "ಇದನ್ನ ಯಾರಿಗಾದ್ರೂ ಕೊಟ್ಟುಬಿಡೋಣ ಕಣೇ. ನಾನು ಇರೋವಾಗಲೇ ಕೊಡಬೇಕು."

ಯಾರಿಗೆ ಅನ್ನುವುದೇ ಕಷ್ಟದ ಪ್ರಶ್ನೆ. ನಾಲ್ಕು ತಿಂಗಳು ಓಡಾಡಿದೆವು. ಅಂಗಡಿ, ರಿಪೇರಿಯವರು, ಸಂಗೀತದ ಮೇಷ್ಟ್ರುಗಳು, ನೆಂಟರು ಎಲ್ಲರನ್ನೂ ಕೇಳಿದೆವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ವಾದ್ಯ ಮೂಲೆಯಲ್ಲಿ ಇದ್ದರೆ, ನಮಗೆ ಗೊತ್ತಾದದ್ದು ನಿಮಗೂ ಉಪಯೋಗಕ್ಕೆ ಬರಬಹುದು. ನಾನು ಹೇಳುವುದು ಹೆಚ್ಚಾಗಿ ವೀಣೆಯ ಬಗ್ಗೆ. ಹಾರ್ಮೋನಿಯಂ, ತಂಬೂರಿ, ಮೃದಂಗದ ವಿಷಯ ಕೊನೆಗೆ ಸ್ವಲ್ಪ ಇದೆ.

ಅವಸರದಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಣ ಬೇಕೇ ಬೇಕು ಅಂದರೆ ವೀಣೆ ಮಾಡುವವರ ಹತ್ತಿರ ಹೋಗಿ, ಅಂಗಡಿಗೆ ಆಮೇಲೆ. ಬೇಗ ಆಗಬೇಕು ಅಂದರೆ ಅಂಗಡಿ. ಮತ್ತೆ ಕಣ್ಣಿಗೆ ಬೀಳಬೇಕು ಅಂದರೆ ನೆಂಟರ ಮನೆ. ವೀಣೆ ಮತ್ತೆ ನುಡಿಯಬೇಕು ಅಂದರೆ ಮೇಷ್ಟ್ರ ಮೂಲಕ ಒಬ್ಬ ವಿದ್ಯಾರ್ಥಿ. ನನಗೆ ಕೊನೆಯದೇ ಸರಿ ಅನ್ನಿಸಿದ್ದು. ಹಾಗಂತ ಎಲ್ಲ ವೀಣೆಗೂ ಆ ದಾರಿ ಇರುವುದಿಲ್ಲ.

ಮೊದಲು ಅದರ ಸ್ಥಿತಿ ನೋಡಿ

ಕೊಡುವ ದಾರಿ ಹುಡುಕುವ ಮುಂಚೆ ವೀಣೆ ಯಾವ ಸ್ಥಿತಿಯಲ್ಲಿದೆ ಅಂತ ತಿಳಿದುಕೊಳ್ಳಬೇಕು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಚೆನ್ನಾಗಿರುವ ವೀಣೆಯನ್ನು ಹಾಳಾಗಿದೆ ಅಂತ ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾರೆ. ಇಲ್ಲವೇ ರಿಪೇರಿಯಾಗದ ವೀಣೆಯನ್ನು ಒಂದು ಮಗುವಿಗೆ ಕೊಟ್ಟು ಅದರ ಕಲಿಕೆಯನ್ನೇ ಕೆಡಿಸುತ್ತಾರೆ.

ಗವುಸು ತೆಗೆದಾಗ ನಮ್ಮ ವೀಣೆಯ ಮೇಣ ಒಣಗಿ ಬಿರುಕು ಬಿಟ್ಟಿತ್ತು. ತಂತಿ ಒತ್ತಿ ಸ್ವರ ಹಿಡಿಯುವ ಲೋಹದ ಮೆಟ್ಟಿಲುಗಳಲ್ಲಿ ಎರಡು ಕಿತ್ತು ಕೈಗೇ ಬಂದವು. ನನಗೆ ಅಳು ಬಂತು. ಅಮ್ಮ ಮಾತ್ರ, "ಅಯ್ಯೋ, ಅದು ಮೇಳ ಹೋಗಿರೋದು ಅಷ್ಟೇ" ಅಂದರು. ನಿಜ. ವೀಣೆಯ 24 ಮೆಟ್ಟಿಲುಗಳು ಮರಕ್ಕೆ ನೇರವಾಗಿ ಕೂತಿರುವುದಿಲ್ಲ. ಕರಿ ಬೆರೆಸಿದ ಜೇನುಮೇಣದ ಮೇಲೆ ಕೂತಿರುತ್ತವೆ. ವರ್ಷಗಳು ಕಳೆದಂತೆ ಮೇಣ ಗಟ್ಟಿಯಾಗಿ ಒಡೆಯುತ್ತದೆ, ಬಿಸಿಲಿಗೆ ಮೆತ್ತಗಾಗಿ ಸರಿಯುತ್ತದೆ, ಸ್ವರ ತಪ್ಪುತ್ತದೆ. ದಿನಾ ನುಡಿಸುವ ವೀಣೆಗೂ ಆಗಾಗ ಮೇಳ ಕಟ್ಟಿಸಲೇಬೇಕು, ಅಂದರೆ ಹೊಸ ಮೇಣ ಹಾಕಿ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸಬೇಕು. ಹಾಗಾಗಿ ಮೇಣ ಹಾಳಾಗಿದ್ದರೆ, ತಂತಿ ತುಕ್ಕು ಹಿಡಿದಿದ್ದರೆ, ತಂತಿ ಬಿಗಿಯುವ ಬಿರಡೆ ಜಾರುತ್ತಿದ್ದರೆ ಹೆದರಬೇಡಿ. ಎಲ್ಲವೂ ಸರಿಹೋಗುವಂಥದ್ದು. ಮೇಲ್ತುದಿಯ ಕೆಳಗಿರುವ ಸೋರೆ ಬುರುಡೆ ಒಡೆದಿದ್ದರೂ ಬೇರೆ ಹಾಕಿಸಬಹುದು. ಈಗ ಫೈಬರ್ ಬುರುಡೆಗಳೂ ಸಿಗುತ್ತವೆ.

ನಿಜವಾಗಿ ನೋಡಬೇಕಾದದ್ದು ಎರಡು. ಒಂದು, ದಂಡಿ, ಅಂದರೆ ಮೆಟ್ಟಿಲು ಕೂತಿರುವ ಉದ್ದ ಭಾಗ, ನೆಟ್ಟಗಿದೆಯೇ ಅಂತ. ಕೆಳತುದಿಯ ದುಂಡನೆಯ ಕೊಡದ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯ ಉದ್ದಕ್ಕೂ ನೋಡಿ. ಏಳು ತಂತಿಗಳ ಬಿಗಿ ವರ್ಷಗಟ್ಟಲೆ ಎಳೆದು ಎಳೆದು ಕೆಲವು ದಂಡಿಗಳು ಬಾಗಿರುತ್ತವೆ. ಆಗ ತಂತಿ ಮೆಟ್ಟಿಲಿಂದ ತುಂಬ ಮೇಲೆ ನಿಲ್ಲುತ್ತದೆ, ಒತ್ತಿದರೆ ಬೆರಳು ಕೊಯ್ಯುತ್ತದೆ. ಇದನ್ನು ಸರಿ ಮಾಡುವುದು ದೊಡ್ಡ ಕೆಲಸ. ಕೆಲವೊಮ್ಮೆ ಆಗುವುದೇ ಇಲ್ಲ. ನುಡಿಸದೆ ಇಡುವ ವೀಣೆಯ ತಂತಿಗಳನ್ನು ಸ್ವಲ್ಪ ಸಡಿಲ ಮಾಡಿಡಬೇಕು ಅಂತ ತಿಳಿದವರು ಹೇಳುವುದು ಇದಕ್ಕೇ.

ಇನ್ನೊಂದು, ಕೊಡದಲ್ಲಿ ಬಿರುಕು ಇದೆಯೇ ಅಂತ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೇ ತಟ್ಟಿ ನೋಡಿ. ತುಂಬಿದ ಸದ್ದು ಬಂದರೆ ಸರಿ. ಒಡಕು ಸದ್ದು ಬಂದರೆ ರಿಪೇರಿಯವರಿಗೆ ತೋರಿಸಿ. ಸಣ್ಣ ಬಿರುಕನ್ನು ಅಂಟಿಸಿ ಕೂಡಿಸುತ್ತಾರೆ. ಹುಳ ತಿಂದು ಪುಡಿ ಉದುರುತ್ತಿದ್ದರೆ ಮಾತ್ರ ಕಷ್ಟ.

ವೀಣೆ ಯಾವ ಮರದ್ದು ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ. ತಂಜಾವೂರಿನ ವೀಣೆಗಳು ಹಲಸಿನ ಮರದವು. ಮೈಸೂರಿನ ಹಳೆಯ ವೀಣೆಗಳಲ್ಲಿ ಬೀಟೆ ಮರದವೂ ಇವೆ. ಕೊಡ, ದಂಡಿ, ತುದಿಯ ಯಾಳಿ ಮುಖ ಎಲ್ಲವನ್ನೂ ಒಂದೇ ದಿಮ್ಮಿಯಲ್ಲಿ ಕೆತ್ತಿದ ಏಕಾಂಡ ವೀಣೆಯಾದರೆ ಅದಕ್ಕೆ ಬೇಡಿಕೆ ಬೇರೆಯೇ. ಕೂಡಿಸಿದ ವೀಣೆಯಲ್ಲಿ ಕೊಡ ಮತ್ತು ದಂಡಿ ಸೇರುವ ಕಡೆ ಬೆಸುಗೆಯ ಗೆರೆ ಕಾಣುತ್ತದೆ. ಕೆಲವು ವೀಣೆಗಳಲ್ಲಿ ಆ ಗೆರೆಯನ್ನು ಮುಚ್ಚಲು ಅಲಂಕಾರದ ಪಟ್ಟಿ ಇರುತ್ತದೆ.

ನಾವು ಕೊಡುವ ಮುಂಚೆಯೇ ಮೇಳ ಕಟ್ಟಿಸಿದೆವು. ದುಡ್ಡು ಯಾಕೆ ಹಾಕಬೇಕು, ತೆಗೆದುಕೊಂಡವರು ಮಾಡಿಸಿಕೊಳ್ಳುತ್ತಾರೆ ಅಂತ ತಮ್ಮ ಅಂದ. ಆದರೆ ಹದ ಇಲ್ಲದ ವೀಣೆಯನ್ನು ನೋಡಿ ಯಾರಿಗೂ ಅದರ ನಾದ ಗೊತ್ತಾಗುವುದಿಲ್ಲ ಅಲ್ವಾ? ರಿಪೇರಿಯವರು ಹಳೆಯ ಮೇಣವನ್ನೆಲ್ಲ ಕೆರೆದು ತೆಗೆದು, ಹೊಸ ಮೇಣ ಕಾಯಿಸಿ ದಂಡಿಯ ಎರಡೂ ಅಂಚಿಗೆ ಮೆತ್ತಿದರು. ಮನೆ ತುಂಬ ಜೇನುಮೇಣದ ವಾಸನೆ. ಒಂದೊಂದೇ ಮೆಟ್ಟಿಲು ಕೂರಿಸಿ, ಮೊದಲ ತಂತಿಯಾದ ಸಾರಣಿ ಮೀಟಿ, ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟುತ್ತಿದ್ದರು. ಅಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಗಾಂಧಾರದ ಮೆಟ್ಟಿಲಿಗೆ ಬಂದಾಗ, "ಇನ್ನೊಂಚೂರು ಇಳೀಬೇಕು" ಅಂದರು. ರಿಪೇರಿಯವರ ಹೆಬ್ಬೆರಳು ಅಷ್ಟು ಹೊತ್ತಿಗೆ ಆಗಲೇ ಅಲ್ಲಿಗೆ ಹೋಗಿತ್ತು. ಇಬ್ಬರೂ ನಕ್ಕರು. 11 ವರ್ಷ ಆದ ಮೇಲೂ ಅಮ್ಮನ ಕಿವಿ ಹಾಗೇ ಇದೆ ಅಂತ ನನಗೆ ಗೊತ್ತಾದದ್ದು ಅವತ್ತು.

ಮನೆಯವರಿಗೇ ಕೊಟ್ಟರೆ

ಎಲ್ಲರ ಮೊದಲ ಆಸೆ ಇದೇ. ಮೊಮ್ಮಗಳು ಕಲಿಯುತ್ತಾಳೆ, ಮನೆಯ ವಸ್ತು ಮನೆಯಲ್ಲೇ ಉಳಿಯುತ್ತದೆ. ಮೊಮ್ಮಗಳು ನಿಜವಾಗಿ ಕಲಿಯುತ್ತಿದ್ದರೆ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಎರಡನೇ ಯೋಚನೆ ಮಾಡಬೇಡಿ.

ಆದರೆ "ಮುಂದೆ ಕಲಿಯಬಹುದು" ಅನ್ನುವ ಮಾತನ್ನು ನಂಬಿ ಕೊಡಬೇಡಿ. ವೀಣೆ ಸುಮಾರು ನಾಲ್ಕು ಅಡಿ ಉದ್ದ ಇರುತ್ತದೆ. ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಅದಕ್ಕೊಂದು ಮೂಲೆ ಬೇಕು. ಮನೆಗೆ ಬಂದವರ ಕಾಲು ತಗುಲದಂತೆ, ಕಿಟಕಿಯ ಬಿಸಿಲು ಬೀಳದಂತೆ ಇಡಬೇಕು. ನೆಂಟರು ಸಂಕೋಚಕ್ಕೆ ಹೂಂ ಅಂದಿರುತ್ತಾರೆ. ಆಮೇಲೆ ಅದು ಅಟ್ಟ ಸೇರುತ್ತದೆ. ನಮ್ಮ ನೆಂಟರಲ್ಲಿ ಮೂವರು ಬೇಕು ಅಂದರು. ಅವರಲ್ಲಿ ಯಾರೂ "ಮೇಷ್ಟ್ರು ಯಾರು ಸಿಗುತ್ತಾರೆ" ಅಂತ ಕೇಳಲಿಲ್ಲ. ಅಮ್ಮ ಅದನ್ನು ಗಮನಿಸಿದ್ದರು.

ಮಗಳೋ ಮಗನೋ ಹೊರದೇಶದಲ್ಲಿದ್ದು ಅಲ್ಲಿಗೆ ಕಳಿಸುವುದಾದರೆ ಇನ್ನೂ ಒಂದಿಷ್ಟು ತಿಳಿದಿರಬೇಕು. 100 ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನೋಡಲು ಹಳೆಯದಾಗಿ ಕಂಡರೆ, ಇದು ಪುರಾತನ ವಸ್ತುವಲ್ಲ ಅನ್ನುವ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದುಕೊಳ್ಳುವುದು ಒಳ್ಳೆಯದು. ಬೀಟೆ ಮರದ ವಸ್ತುಗಳ ಅಂತರರಾಷ್ಟ್ರೀಯ ಸಾಗಣೆಗೆ 2017ರಲ್ಲಿ ನಿಯಮ ಬಿಗಿಯಾಗಿತ್ತು. 2019ರಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ವಿಮಾನದಲ್ಲಿ ಕಳಿಸುವುದಾದರೆ ಬುರುಡೆ ಬಿಚ್ಚಿ ಬೇರೆ ಕಟ್ಟಿ, ತಂತಿ ಸಡಿಲ ಮಾಡಿ, ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿ. ಬಟ್ಟೆ ಗವುಸನ್ನು ನಂಬಿ ಕಳಿಸಬೇಡಿ.

ಮಾರುವುದಾದರೆ

"ಸರಸ್ವತೀನ ಮಾರಬಾರದು" ಅನ್ನುವ ಮಾತು ನಮ್ಮ ಮನೆಯಲ್ಲೂ ಬಂತು. ನನಗೆ ಹಾಗನ್ನಿಸುವುದಿಲ್ಲ. ವೀಣೆ ಕೆತ್ತಿದವರೂ ಅದನ್ನು ಮಾರಿಯೇ ಬದುಕಿದವರು. ಆಸ್ಪತ್ರೆ ಖರ್ಚಿಗೋ ಮಕ್ಕಳ ಫೀಸಿಗೋ ಹಣ ಬೇಕಾಗಿ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎಷ್ಟು ಸಿಗುತ್ತದೆ ಅನ್ನುವ ಅಂದಾಜು ಸರಿಯಾಗಿರಬೇಕು. ಹಳೆಯದು ಅಂದ ಮಾತ್ರಕ್ಕೆ ವೀಣೆಯ ಬೆಲೆ ಏರುವುದಿಲ್ಲ. ಯಾರು ಮಾಡಿದ್ದು, ದಂಡಿ ಹೇಗಿದೆ, ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಇದರ ಮೇಲೆ ಬೆಲೆ. ಅಮ್ಮನಿಗೆ ಅದು ಮದುವೆಗೆ ಮುಂಚಿನಿಂದ ಜೊತೆಗಿದ್ದ ಜೀವ. ಕೊಳ್ಳುವವರು ಅದಕ್ಕೆ ದುಡ್ಡು ಕೊಡಲು ಆಗುವುದಿಲ್ಲ.

ವಾದ್ಯದ ಅಂಗಡಿಗೆ ಕೊಟ್ಟರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಅವರು ರಿಪೇರಿ ಮಾಡಿಸಿ, ಲಾಭ ಇಟ್ಟುಕೊಂಡು ಮಾರಬೇಕು. ಹಾಗಾಗಿ ಕಡಿಮೆಯೇ ಕೊಡುತ್ತಾರೆ. ಯಾರ ಕೈಗೆ ಹೋಯಿತು ಅಂತ ನಿಮಗೆ ಗೊತ್ತಾಗುವುದಿಲ್ಲ.

ವೀಣೆ ಮಾಡುವವರ ಹತ್ತಿರ ಹೋದರೆ ಮಾತೇ ಬೇರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವ ಕುಟುಂಬಗಳಿವೆ. ಮೈಸೂರಿನಲ್ಲೂ ಈ ಕೆಲಸ ಗೊತ್ತಿರುವವರು ಇದ್ದಾರೆ. ವೀಣೆ ಮಾಡುವವರು ಮೊದಲು ಮರ ಮುಟ್ಟಿ ನೋಡುತ್ತಾರೆ. ವರ್ಷಗಟ್ಟಲೆ ಒಣಗಿ ಹದವಾದ ಮರ ಅವರಿಗೆ ಬೇಕಾದ ವಸ್ತು. ನುಡಿಯುವ ವೀಣೆಯಾದರೆ ಸರಿಪಡಿಸಿ ಹೊಸಬರಿಗೆ ಕೊಡುತ್ತಾರೆ. ತೀರಾ ಹೋಗಿದ್ದರೆ ಯಾಳಿ ಮುಖ, ಬಿರಡೆ, ತಂತಿ ಕಟ್ಟುವ ನಾಗಪಾಶಗಳನ್ನು ಬೇರೆ ವೀಣೆಗೆ ಹಾಕಬಹುದು. ರಿಪೇರಿಯಾಗದ ವೀಣೆಗೆ ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ಒಡೆದ ವೀಣೆ ಮನೆಯಲ್ಲಿ ಇರಬಾರದು ಅಂತ ಅರಳಿಕಟ್ಟೆಯ ಮೇಲೆ ಇಟ್ಟು ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಳೆಯಲ್ಲಿ ನೆಂದು ಹೋಗುತ್ತದೆ, ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಆನ್‌ಲೈನಿನಲ್ಲಿ ಜಾಹೀರಾತು ಹಾಕಿದರೆ ಸ್ವಲ್ಪ ಜಾಸ್ತಿ ಹಣ ಸಿಗಬಹುದು. ಆದರೆ ಫೋನಿಗೆ ಉತ್ತರ ಹೇಳಿ ಹೇಳಿ ಸಾಕಾಗುತ್ತದೆ. ನಾವು ಎರಡು ವಾರ ಹಾಕಿ ನೋಡಿದೆವು. ಒಂದು ವಿಷಯ ಕಲಿತೆವು. ಫೋನ್ ಮಾಡಿದವರು ಮೊದಲು ಏನು ಕೇಳುತ್ತಾರೆ ಅನ್ನುವುದರಲ್ಲೇ ಎಲ್ಲ ಗೊತ್ತಾಗುತ್ತದೆ. ಒಬ್ಬರು, "ಎಷ್ಟು ಉದ್ದ ಇದೆ ಮೇಡಂ? ನಮ್ಮ ಹಾಲಿನ ಗೋಡೆಗೆ ಸರಿಹೋಗುತ್ತಾ?" ಅಂದರು. ಇನ್ನೊಬ್ಬರು, "ಪಾಲಿಶ್ ಹೊಳೀತಿದೆಯಾ?" ಅಂದರು. ಒಬ್ಬರು ಮಾತ್ರ, "ಮೇಳ ಯಾವಾಗ ಕಟ್ಟಿಸಿದ್ರಿ? ಮೆಟ್ಟಿಲು ಸವೆದಿದೆಯಾ?" ಅಂತ ಕೇಳಿದರು. ಅವರು ನುಡಿಸುವವರು ಅಂತ ಕೂಡಲೇ ತಿಳಿಯಿತು. ಅವರು ಬೇರೆ ಊರಿನವರು, ಮಾತು ಮುಂದುವರಿಯಲಿಲ್ಲ. ನೀವು ಜಾಹೀರಾತು ಹಾಕುವುದಾದರೆ ಫೋಟೋಗಿಂತ ಎರಡು ನಿಮಿಷದ ವಿಡಿಯೋ ಹಾಕಿ. ಏಳು ತಂತಿಗಳನ್ನೂ ಒಂದೊಂದಾಗಿ ಮೀಟಿ ಕೇಳಿಸಿ. ಬಿರುಕು ಇದ್ದರೆ ಮುಚ್ಚಿಡಬೇಡಿ, ಹತ್ತಿರದಿಂದ ತೋರಿಸಿ.

ಗೋಡೆಗೆ ಹಾಕಲು ಕೊಳ್ಳುವವರಿಗೆ ಕೊಡಬಹುದೇ? ನುಡಿಯುವ ವೀಣೆಯಾದರೆ ನಾನು ಕೊಡುವುದಿಲ್ಲ. ಹೊಸ ವೀಣೆಗೆ ಹತ್ತಾರು ಸಾವಿರ ಬೇಕು. ಅಷ್ಟು ಹಣ ಇಲ್ಲದೆ ಕಲಿಕೆ ಬಿಟ್ಟ ಮಕ್ಕಳು ಇರುವಾಗ ಚೆನ್ನಾಗಿರುವ ವೀಣೆ ಸೋಫಾದ ಮೇಲಿನ ಗೋಡೆಯಲ್ಲಿ ತೂಗುವುದು ನನಗೆ ಸಂಕಟದ ವಿಷಯ.

ಸಂಸ್ಥೆಗೆ ಕೊಟ್ಟರೆ: ಅಜ್ಜಿಯ ಹಾರ್ಮೋನಿಯಂ ಕಥೆ

ನಾವು ಇಷ್ಟು ಹುಡುಕಾಡಿದ್ದಕ್ಕೆ ಒಂದು ಕಾರಣ ಇದೆ. ಅಜ್ಜಿ ತೀರಿಕೊಂಡ ಮೇಲೆ ಅವರ ಹಾರ್ಮೋನಿಯಮ್ಮನ್ನು ಒಂದು ಶಾಲೆಗೆ ಕೊಟ್ಟೆವು. ಹದಿನೈದು ದಿನದೊಳಗೆ ಮನೆ ಖಾಲಿ ಮಾಡಬೇಕಿತ್ತು. ಶಾಲೆಯವರು ಸಂತೋಷದಿಂದ ತೆಗೆದುಕೊಂಡರು, ಶಾಲು ಹೊದಿಸಿ ಫೋಟೋ ತೆಗೆದರು. ಎರಡು ವರ್ಷ ಆದ ಮೇಲೆ ಏನೋ ಕೆಲಸಕ್ಕೆ ಆ ಕಡೆ ಹೋಗಿದ್ದೆ. ಕೇಳಿದೆ. ಅಲ್ಲಿ ಸಂಗೀತದ ಟೀಚರೇ ಇರಲಿಲ್ಲ, ನಾವು ಕೊಟ್ಟಾಗಲೂ ಇರಲಿಲ್ಲವಂತೆ. ಮುರಿದ ಬೆಂಚುಗಳ ಕೆಳಗಿಂದ ಪೆಟ್ಟಿಗೆ ಎಳೆದು ತೋರಿಸಿದರು. ಇಲಿ ತಿದಿಯನ್ನು ಕಚ್ಚಿ ಹರಿದಿತ್ತು. ಅಜ್ಜಿ ಮಂಗಳವಾರ, ಶುಕ್ರವಾರ ದೇವರನಾಮ ಹೇಳುವಾಗ ಒತ್ತುತ್ತಿದ್ದ ಕಪ್ಪು ಬಿಳಿ ಮನೆಗಳ ಮೇಲೆ ಧೂಳು ಬೆರಳ ದಪ್ಪ ಕೂತಿತ್ತು.

ಅವರದ್ದು ಎಷ್ಟು ತಪ್ಪೋ ನಮ್ಮದೂ ಅಷ್ಟೇ. "ಇದನ್ನು ಯಾರು ನುಡಿಸುತ್ತಾರೆ?" ಅಂತ ನಾವು ಕೇಳಿರಲಿಲ್ಲ. ಕಟ್ಟಡ ನೋಡಿ ಕೊಟ್ಟಿದ್ದೆವು.

ಹಾಗಾಗಿ ಸಂಸ್ಥೆಗೆ ಕೊಡುವ ಮುಂಚೆ ಒಂದು ದಿನ ಸಂಜೆ ಹೋಗಿ ಕೂತು ನೋಡಿ. ಪಾಠ ನಡೆಯುತ್ತಿದೆಯಾ? ಇರುವ ವಾದ್ಯಗಳು ಹೇಗಿವೆ? ಅವುಗಳ ತಂತಿ ಬದಲಾಯಿಸಿದ್ದಾರಾ? ಹೊಸ ವಾದ್ಯವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದರೆ ಒಬ್ಬರ ಹೆಸರು ಹೇಳುತ್ತಾರಾ, ಇಲ್ಲ "ನಮ್ಮ ಸಂಸ್ಥೆ ನೋಡಿಕೊಳ್ಳುತ್ತೆ" ಅಂತಾರಾ? ಒಬ್ಬ ಮನುಷ್ಯನ ಹೆಸರು ಬಂದರೆ ಕೊಡಬಹುದು.

ನಿಜವಾಗಿ ದಿನವೂ ಸಾಧನೆ ನಡೆಯುವ ಜಾಗಗಳು ನಮ್ಮಲ್ಲಿ ಇವೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಎಲ್ಲರಿಗೂ ಗೊತ್ತು. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣು ಕಾಣದವರು, ಕಣ್ಣು ಕಾಣದ ಮಕ್ಕಳಿಗೆ ಊಟ ಕೊಟ್ಟು, ಆಸರೆ ಕೊಟ್ಟು ಸಂಗೀತ ಕಲಿಸಿದ ಜಾಗ ಅದು. ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಂಡ ಮೇಲೂ ಪಾಠ ನಿಂತಿಲ್ಲ. ಹಾರ್ಮೋನಿಯಂ, ತಬಲಾ ಇದ್ದವರು ಇಂಥ ಕಡೆ ಮೊದಲು ವಿಚಾರಿಸಬೇಕು. ವೀಣೆಗೆ ಮಾತ್ರ ವೀಣೆ ಪಾಠ ಇರುವ ಕಡೆಯೇ ಹುಡುಕಿ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ. ಊರೂರಿನ ಸಂಗೀತ ಶಾಲೆಗಳೂ ಇವೆ. ದೇವಸ್ಥಾನಕ್ಕೆ ಕೊಡುವ ಆಸೆ ಇದ್ದರೆ ಹಾರ್ಮೋನಿಯಂ, ತಾಳ ಕೊಡಿ. ಭಜನೆಯವರು ಬಳಸುತ್ತಾರೆ. ವೀಣೆ ಕೊಟ್ಟರೆ ಅದು ದೇವರ ಪಕ್ಕದ ಅಲಂಕಾರವಾಗಿ ನಿಲ್ಲುತ್ತದೆ.

ಮ್ಯೂಸಿಯಮ್ಮಿಗೆ ಯಾವಾಗ?

ವಾದ್ಯಕ್ಕೆ ಒಂದು ಇತಿಹಾಸ ಇದ್ದರೆ ಮಾತ್ರ. ಉದಾಹರಣೆಗೆ ಮೈಸೂರು ಆಸ್ಥಾನದ ವೀಣೆ ಶೇಷಣ್ಣನವರ (1852–1926) ಶಿಷ್ಯಪರಂಪರೆಯವರು ನುಡಿಸಿದ್ದು ಅಂತ ನಿಮ್ಮ ಹತ್ತಿರ ಪತ್ರ, ಫೋಟೋ, ರಸೀದಿ ಇದ್ದರೆ ಖಂಡಿತ ಕೇಳಿ ನೋಡಿ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂ ಪೂರ್ತಿ ಸಂಗೀತಕ್ಕೇ ಮೀಸಲು. ಜನಪದ ವಾದ್ಯವಾದರೆ ರಾಮನಗರದ ಹತ್ತಿರದ ಜಾನಪದ ಲೋಕ ಇದೆ. ವಾದ್ಯ ಹೊತ್ತುಕೊಂಡು ನೇರ ಹೋಗಬೇಡಿ. ಮೊದಲು ಫೋಟೋ ಮತ್ತು ವಿವರ ಬರೆದು ಕಳಿಸಿ. ಎಲ್ಲ ಮ್ಯೂಸಿಯಮ್ಮುಗಳಿಗೂ ಜಾಗದ ಕೊರತೆ ಇರುತ್ತದೆ. ತೆಗೆದುಕೊಂಡರೂ ಪ್ರದರ್ಶನಕ್ಕೆ ಇಡುತ್ತಾರಾ, ಉಗ್ರಾಣದಲ್ಲಿ ಇಡುತ್ತಾರಾ ಅಂತ ಕೇಳಿ, ಬರಹದಲ್ಲಿ ಪಡೆದುಕೊಳ್ಳಿ. ನಮ್ಮದು ಸಾಧಾರಣ ಮನೆಯ ಸಾಧಾರಣ ವೀಣೆ. ಹಾಗಾಗಿ ಈ ದಾರಿಯನ್ನು ನಾವು ಯೋಚಿಸಲಿಲ್ಲ.

ದಂತ, ಕೊಂಬು, ಚರ್ಮ ಇದ್ದರೆ

ಮಾರುವುದಿರಲಿ, ಕೊಡುವುದಿರಲಿ, ಇದನ್ನು ನೋಡಿಕೊಳ್ಳಿ. ಮೈಸೂರಿನ ಹಳೆಯ ವೀಣೆಗಳಲ್ಲಿ ಬಿಳಿ ಕುಸುರಿ ಕೆಲಸ ಇರುತ್ತದೆ. ಈಗಿನದು ಪ್ಲಾಸ್ಟಿಕ್. ತೀರಾ ಹಳೆಯದರಲ್ಲಿ ಆನೆ ದಂತ ಇರಬಹುದು, ಜಿಂಕೆ ಕೊಂಬೂ ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಆನೆ ದಂತದ ವಸ್ತು ಮಾರುವಂತಿಲ್ಲ. ಅನುಮಾನ ಇದ್ದರೆ ಜಾಹೀರಾತು ಹಾಕುವ ಮುಂಚೆಯೇ ಅರಣ್ಯ ಇಲಾಖೆಯವರನ್ನು ಕೇಳಿ. ಕೈಯಲ್ಲಿ ಹಿಡಿದು ಬಾರಿಸುವ ಖಂಜಿರದ ವಿಷಯದಲ್ಲೂ ಹೀಗೇ. ಹಳೆಯ ಖಂಜಿರಕ್ಕೆ ಉಡದ ಚರ್ಮ ಹಾಕಿರುತ್ತಾರೆ. ಉಡ ರಕ್ಷಿತ ಪ್ರಾಣಿ. ಗೊತ್ತಿಲ್ಲದೆ ಮಾರಲು ಹೋಗಿ ತೊಂದರೆಗೆ ಸಿಕ್ಕಿಕೊಳ್ಳಬೇಡಿ.

ಕಲಿಯುವ ಕೈಗೆ

ನಮ್ಮ ವೀಣೆ ಹೋದದ್ದು ಈ ದಾರಿಯಲ್ಲಿ. ಅಮ್ಮನ ಪರಿಚಯದ ವೀಣೆ ಮೇಷ್ಟ್ರೊಬ್ಬರಿಗೆ ಹೇಳಿದೆವು. ಅವರು ಕೂಡಲೇ ಯಾರ ಹೆಸರನ್ನೂ ಹೇಳಲಿಲ್ಲ. "ಒಂದು ತಿಂಗಳು ಟೈಮ್ ಕೊಡಿ ಅಮ್ಮ, ನೋಡಿ ಹೇಳ್ತೀನಿ" ಅಂದರು. ನನಗೆ ಆ ಮಾತಿನ ಮೇಲೇ ನಂಬಿಕೆ ಬಂತು. ತಿಂಗಳಾದ ಮೇಲೆ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. ಡಿಗ್ರಿ ಓದುತ್ತಿದ್ದಾಳೆ. ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿ ಸೀನಿಯರಿಗೆ ಕಟ್ಟಿದ್ದಾಳೆ. ಮನೆಯಲ್ಲಿ ವೀಣೆ ಇಲ್ಲ. ಮೇಷ್ಟ್ರ ಮನೆಯಲ್ಲೇ ಬೆಳಗ್ಗೆ ಆರಕ್ಕೆ ಬಂದು ಒಂದು ಗಂಟೆ ಸಾಧನೆ ಮಾಡಿ ಕಾಲೇಜಿಗೆ ಓಡುತ್ತಾಳೆ.

ಮೇಷ್ಟ್ರ ಮೂಲಕ ಹೋಗುವುದರಲ್ಲಿ ಎರಡು ಲಾಭ. ಯಾರು ಮುಂದುವರಿಯುತ್ತಾರೆ, ಯಾರು ಪರೀಕ್ಷೆ ಮುಗಿದ ಮೇಲೆ ಬಿಡುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ಆಮೇಲೆ ಆ ಮಗು ಮದುವೆಯಾಗಿಯೋ ಕೆಲಸಕ್ಕೋ ದೂರ ಹೋದರೆ ವೀಣೆಯನ್ನು ಇನ್ನೊಬ್ಬರಿಗೆ ದಾಟಿಸುವವರೂ ಅವರೇ. ತೊಂದರೆ ಏನೆಂದರೆ ಕಾಯಬೇಕು. ನಮಗೆ ನಾಲ್ಕು ತಿಂಗಳಲ್ಲಿ ಆಯಿತು. ಕೆಲವರಿಗೆ ವರ್ಷವೂ ಆಗಬಹುದು.

ಪೂರ್ತಿ ಕೊಟ್ಟುಬಿಡುವುದಾ, ಇಲ್ಲ ಕಲಿಯುವವರೆಗೆ ಅಂತ ಕಡವಾಗಿ ಕೊಡುವುದಾ? ನಾವು ಇದನ್ನು ತುಂಬ ಮಾತಾಡಿದೆವು. ಕಡ ಕೊಟ್ಟರೆ ವೀಣೆ ನಮ್ಮದಾಗಿಯೇ ಇರುತ್ತದೆ, ಮನಸ್ಸಿಗೆ ಸಮಾಧಾನ. ಆದರೆ ತೆಗೆದುಕೊಂಡವರಿಗೆ ಸದಾ ಹೆದರಿಕೆ. ಒಂದು ಬಿರಡೆ ಮುರಿದರೂ ಏನನ್ನುತ್ತಾರೋ ಅನ್ನುವ ಚಿಂತೆ. ರಿಪೇರಿ ಖರ್ಚು ಯಾರದ್ದು ಅನ್ನುವುದರಲ್ಲಿ ಒಳ್ಳೆಯ ಸಂಬಂಧಗಳೂ ಕೆಡುತ್ತವೆ. ಇನ್ನು ಎರಡು ಮೂರು ವರ್ಷದಲ್ಲಿ ಕಲಿಯಲು ಶುರುಮಾಡುವ ಮಗು ನಿಮ್ಮ ಮನೆಯಲ್ಲಿ ಇದ್ದರೆ ಕಡ ಕೊಡಿ, ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಳ್ಳಿ. ಇಲ್ಲದಿದ್ದರೆ ಕೊಟ್ಟುಬಿಡಿ. ಅಮ್ಮ ಒಂದೇ ಮಾತು ಕೇಳಿಕೊಂಡರು. ನೀನು ನುಡಿಸುವುದು ನಿಲ್ಲಿಸಿದ ದಿನ ಇನ್ನೊಬ್ಬ ಕಲಿಯುವವರಿಗೆ ಕೊಡಬೇಕು ಅಂತ.

ಹಣ ತೆಗೆದುಕೊಳ್ಳಬೇಕೇ ಅಂತಲೂ ಯೋಚನೆ ಬಂತು. ಅಮ್ಮ 101 ರೂಪಾಯಿ ತೆಗೆದುಕೊಂಡರು. ಸುಮ್ನೆ ಪಡೆದೆ ಅನ್ನುವ ಭಾರ ಆ ಹುಡುಗಿಗೆ ಇರಬಾರದು ಅಂತ.

ಬೇರೆ ವಾದ್ಯಗಳಾದರೆ

ಹಾರ್ಮೋನಿಯಂ ಕೊಡುವುದು ವೀಣೆಗಿಂತ ಸುಲಭ. ಭಜನಾ ಮಂಡಳಿ, ನಾಟಕದವರು, ಹಾಡು ಕಲಿಯುವ ಮಕ್ಕಳು ಎಲ್ಲರಿಗೂ ಬೇಕು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರ ಇಟ್ಟಿತ್ತು. ಆದರೂ ನಮ್ಮ ಮನೆಗಳಲ್ಲಿ, ಕಂಪನಿ ನಾಟಕಗಳಲ್ಲಿ ಅದು ನಿಲ್ಲಲಿಲ್ಲ. ತಿದಿಯಲ್ಲಿ ಗಾಳಿ ಸೋರುತ್ತಿದೆಯಾ, ಯಾವ ರೀಡ್ ಮೂಕವಾಗಿದೆ ಅಂತ ನೋಡಿ. ಎರಡೂ ರಿಪೇರಿಯಾಗುತ್ತವೆ. ರೀಡುಗಳು ಒಳ್ಳೆಯವಾದರೆ ಹಳೆಯ ಪೆಟ್ಟಿಗೆಯನ್ನು ಬಿಡಬೇಡಿ.

ತಂಬೂರಿಗೆ ಗಿರಾಕಿ ಕಡಿಮೆಯಾಗಿದ್ದಾರೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಬಂದ ಮೇಲೆ, ಆಮೇಲೆ ಮೊಬೈಲೇ ಶ್ರುತಿ ಕೊಡುವಂತಾದ ಮೇಲೆ, ಹೊತ್ತು ತಿರುಗುವವರಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಮೀರಜಿನ ತಂಬೂರಿ ಇದ್ದರೆ ಹಾಡುಗಾರಿಕೆ ಕಲಿಸುವವರನ್ನು ಕೇಳಿ. ತಂತಿಯ ಕೆಳಗಿನ ಜೀವಾಳದ ದಾರ ಸರಿಯಾಗಿ ಕೂತಾಗ ಬರುವ ನಾದಕ್ಕೆ ಮನಸೋತವರು ಇನ್ನೂ ಇದ್ದಾರೆ.

ಮೃದಂಗದ ಕಟ್ಟಿಗೆ ಗಟ್ಟಿಯಾಗಿದ್ದರೆ ಚರ್ಮ ಹರಿದಿದ್ದರೂ ಚಿಂತೆ ಇಲ್ಲ. ಆ ಚರ್ಮದ ಮುಚ್ಚಿಗೆಯನ್ನು ಹೇಗೂ ಬದಲಾಯಿಸುತ್ತಲೇ ಇರಬೇಕು. ಮಕ್ಕಳ ಅಳತೆಯ ಪಿಟೀಲು ಇದ್ದರೆ ಇವತ್ತೇ ಕೊಡಿ. ಮಗು ಬೆಳೆದ ಹಾಗೆ ದೊಡ್ಡ ಅಳತೆಗೆ ಹೋಗಬೇಕು, ಹಾಗಾಗಿ ಚಿಕ್ಕದು ಬೇಕಾದವರು ಯಾವಾಗಲೂ ಇರುತ್ತಾರೆ.

ಕೊಡುವ ದಿನ

ವಿಜಯದಶಮಿಯ ದಿನ ಕೊಟ್ಟೆವು. ಹೊಸ ವಿದ್ಯೆ ಶುರುಮಾಡುವ ದಿನ ಅಂತ ಅಮ್ಮನೇ ಆರಿಸಿದರು. ಹಿಂದಿನ ದಿನ ಫೋಟೋ ತೆಗೆದಿಟ್ಟೆ. ಫೋಟೋಗಿಂತ ಮುಖ್ಯವಾಗಿ ಅದರ ನಾದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ. ಕೊಟ್ಟ ಮೇಲೆ ನೆನಪಾಗುವುದು ಅದೇ.

ವೀಣೆಯ ಜೊತೆ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟೆವು. ಯಾವ ವರ್ಷ ಕೊಂಡದ್ದು, ಯಾವ ಮರ, ಮೇಳ ಕಟ್ಟಿಸಿದ ತಾರೀಕು, ಅಮ್ಮ ಇಟ್ಟುಕೊಳ್ಳುತ್ತಿದ್ದ ಮೂರು ಮನೆ ಶ್ರುತಿ (ಹಾರ್ಮೋನಿಯಮ್ಮಿನ ಮೂರನೇ ಬಿಳಿ ಮನೆಯದು), ಯಾವ ಗೇಜಿನ ತಂತಿ, ಎಲ್ಲ ಬರೆದಿದ್ದೆವು. ಕಾರಿನ ಡಿಕ್ಕಿಯಲ್ಲಿ ಇಟ್ಟು ಬಿಸಿಲಲ್ಲಿ ನಿಲ್ಲಿಸಬೇಡ, ಮೇಣ ಕರಗಿ ಮೆಟ್ಟಿಲು ಸರಿಯುತ್ತದೆ ಅಂತಲೂ ಬರೆದೆವು. ಆ ಹುಡುಗಿ ತಂದೆಯ ಜೊತೆ ಆಟೋದಲ್ಲಿ ಬಂದಿದ್ದಳು.

ಅಮ್ಮ ತಟ್ಟೆಯಲ್ಲಿ ಎಲೆ, ಅಡಿಕೆ, ಹೂವು ಇಟ್ಟು ಕೊಟ್ಟರು. ಅಲ್ಲೇ ಚಾಪೆ ಹಾಕಿ ಒಮ್ಮೆ ನುಡಿಸು ಅಂದರು. ಏನು ನುಡಿಸಲಿ ಅಂತ ಹುಡುಗಿ ಮೇಷ್ಟ್ರ ಮುಖ ನೋಡಿದಳು. "ಸರಳೆ ವರಸೆ ನುಡಿಸಮ್ಮ, ಅದೇ ಸಾಕು" ಅಂದರು ಅಮ್ಮ. ಸಂಗೀತದ ಮೊದಲ ಪಾಠ ಅದು. ಮಾಯಾಮಾಳವಗೌಳ ರಾಗದ ಸ್ವರಗಳು ಒಂದೊಂದಾಗಿ ಮೇಲೇರಿ ಇಳಿದವು. ಅಮ್ಮನ ಊದಿದ ಬೆರಳುಗಳು ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿದ್ದವು.

ಆಟೋ ಹತ್ತುವಾಗ ಅಮ್ಮ ಬಾಗಿಲವರೆಗೆ ಬಂದು ಕೂಗಿ ಹೇಳಿದರು, "ಬೇಸಿಗೇಲಿ ಪಂಚಮದ ಬಿರಡೆ ಜಾರುತ್ತೆ ಕಣಮ್ಮ. ಬಲವಂತ ಮಾಡ್ಬೇಡ. ಒಂಚೂರು ಸೀಮೆಸುಣ್ಣ ಸವರು."